ಟಪಾಲು ಒಂದು, ಪೆಟ್ಟಿಗೆ ನಾಲ್ಕು

ಅಪ್ಪ ರೈಲ್ವೆಯಿಂದ ನಿವೃತ್ತರಾದಾಗ ಧಾರವಾಡದ ಮಾಳಮಡ್ಡಿಯ ಮನೆಯ ಪಡಸಾಲೆಗೆ ಒಂದು ಕಂಪ್ಯೂಟರ್ ಬಂತು. ಜಿಮೇಲ್ ಖಾತೆ ತೆರೆದುಕೊಟ್ಟವನೂ ಅಂಗಡಿಯ ಹುಡುಗನೇ, ಮೇಲ್ ಓದುವ ತಂತ್ರಾಂಶ ಹಾಕಿಕೊಟ್ಟವನೂ ಅವನೇ. ಮನೆಯಲ್ಲಿ ಇದ್ದದ್ದು ಒಂದೇ ಪರದೆ ಆದ್ದರಿಂದ ವರ್ಷಗಟ್ಟಲೆ ಯಾರಿಗೂ ತೊಂದರೆ ಕಾಣಲಿಲ್ಲ. ಪುಣೆಯಲ್ಲಿರುವ ಅಣ್ಣ ಅಪ್ಪನಿಗೆ ಸ್ಮಾರ್ಟ್‌ಫೋನ್ ಕೊಡಿಸಿದ. ಗೊಂದಲ ಶುರುವಾದದ್ದು ಆಮೇಲೆ.

ಫೋನಿನಲ್ಲಿ ಖಾತೆ ಹಾಕಿದರೆ ಹಳೆಯ ಮೇಲ್ ಒಂದೂ ಇಲ್ಲ. ಹೊಸದಾಗಿ ಬಂದದ್ದು ಬೆಳಿಗ್ಗೆ ಫೋನಿನಲ್ಲಿ ಕಾಣುತ್ತದೆ, ಮಧ್ಯಾಹ್ನ ಪಡಸಾಲೆಯ ಕಂಪ್ಯೂಟರ್ ಚಾಲೂ ಮಾಡಿದ ಮೇಲೆ ಅದೂ ಮಾಯ. "ನನ್ನ ಟಪಾಲು ಎಲ್ಲಿ ಹೋತೋ?" ಎಂದು ಅಪ್ಪ ಕೇಳಿದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಎದುರು ಮನೆಯ ಕಾಕಾ ಮಾತ್ರ ಫೋನಿಗೆ ವೈರಸ್ ಬಂದದ್ದೇ ಸೈ ಎಂದು ತೀರ್ಮಾನ ಕೊಟ್ಟುಬಿಟ್ಟಿದ್ದರು.

ಅಸಲಿಗೆ ಕಂಪ್ಯೂಟರಿನ ಆ ಮೇಲ್ ತಂತ್ರಾಂಶ 'ಪಾಪ್' ಎಂಬ ಪದ್ಧತಿಯಲ್ಲಿ ಕೂತಿತ್ತು. ಒಬ್ಬನಿಗೆ ಒಂದೇ ಕಂಪ್ಯೂಟರ್, ಇಂಟರ್‌ನೆಟ್ಟಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಎಂಬಂಥ ಕಾಲದ ಪದ್ಧತಿ ಇದು. ಸರ್ವರಿಗೆ ಹೋಗಿ, ಇದ್ದದ್ದನ್ನೆಲ್ಲ ಬಾಚಿಕೊಂಡು ಬಂದು, ಅಲ್ಲಿ ಖಾಲಿ ಮಾಡಿಬಿಡುತ್ತದೆ. 'ಸರ್ವರಿನಲ್ಲಿ ಒಂದು ಪ್ರತಿ ಬಿಡು' ಎಂಬ ಕಡೆ ಟಿಕ್ ಹಾಕಿದರೆ ಬಿಡುತ್ತದೆ, ಆದರೆ ಹುಡುಗ ಹಾಕಿರಲಿಲ್ಲ. ಕಳಿಸಿದ ಮೇಲುಗಳೂ ಅಷ್ಟೇ, ಸಾಮಾನ್ಯವಾಗಿ ಯಾವ ಯಂತ್ರದಿಂದ ಹೋದವೋ ಅಲ್ಲಿಯೇ ಉಳಿಯುತ್ತವೆ. ಇದಕ್ಕೆ ಎದುರಾದದ್ದು 'ಐಮ್ಯಾಪ್'. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿಯೇ ರೂಪಿಸಿದ್ದು. ಇದರಲ್ಲಿ ಮೇಲ್ ಸರ್ವರಿನಲ್ಲಿಯೇ ಇರುತ್ತದೆ, ನಮ್ಮ ಸಾಧನಗಳು ಅದನ್ನು ಬಗ್ಗಿ ನೋಡುವ ಕಿಟಕಿಗಳಷ್ಟೇ. ಸೆಟ್ಟಿಂಗ್‌ನಲ್ಲಿ ಪೋರ್ಟ್ ಸಂಖ್ಯೆ 995 ಇದ್ದರೆ ಪಾಪ್, 993 ಇದ್ದರೆ ಐಮ್ಯಾಪ್. ಯಾರದಾದರೂ ಹಳೆಯ ಕಂಪ್ಯೂಟರ್ ಮುಂದೆ ಕೂತರೆ ನಾನು ಮೊದಲು ನೋಡುವುದು ಈ ಅಂಕಿಯನ್ನೇ.

ಹಳೆಯ ಮೇಲುಗಳನ್ನು ಮತ್ತೆ ಸರ್ವರಿಗೆ ಏರಿಸುವುದು ಬುದ್ಧಿಯ ಕೆಲಸವಲ್ಲ, ತಾಳ್ಮೆಯದು. ಅದೇ ತಂತ್ರಾಂಶದಲ್ಲಿ ಖಾತೆಯನ್ನು ಐಮ್ಯಾಪ್ ಆಗಿ ಇನ್ನೊಮ್ಮೆ ಸೇರಿಸಿ, ಹಳೆಯ ಫೋಲ್ಡರಿನಿಂದ ಹೊಸದಕ್ಕೆ ವರ್ಷವಾರು ನಕಲು ಮಾಡಬೇಕು. ಅದಕ್ಕೂ ಮೊದಲು ಇಡೀ ಕಡತವನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಬೇಕು. ಧಾರವಾಡದ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕುವವರು ಯುಪಿಎಸ್ ಬ್ಯಾಟರಿ ನೋಡಿಕೊಳ್ಳಲಿ. ನಡುವೆ ಕರೆಂಟ್ ಹೋದರೆ ಯಾವುದು ಏರಿತು, ಯಾವುದು ಉಳಿಯಿತು ಎಂದು ಹುಡುಕುತ್ತ ಕೂಡಬೇಕಾಗುತ್ತದೆ.

ಐಮ್ಯಾಪ್‌ಗೆ ಬಂದ ಮೇಲೆ ಇನ್ನೊಂದು ತಕರಾರು. ಫೋನಿನಲ್ಲಿ ಜಾಗ ಸಾಲದು ಎಂದು ಅಪ್ಪ ಒಂದು ಮಧ್ಯಾಹ್ನ ಕೂತು ಮೇಲುಗಳನ್ನೆಲ್ಲ ಅಳಿಸಿದರು. ಕಂಪ್ಯೂಟರಿನಲ್ಲಿ ಇರುತ್ತದಲ್ಲ ಎಂಬ ಧೈರ್ಯ. ಕಿಟಕಿ ಎಷ್ಟಿದ್ದರೂ ಕೋಣೆ ಒಂದೇ ಎಂದ ಮೇಲೆ ಅಲ್ಲಿಯೂ ಖಾಲಿ! ಜಿಮೇಲಿನ ಕಸದ ಬುಟ್ಟಿಯಲ್ಲಿ ಅಳಿಸಿದ್ದು 30 ದಿನ ಇರುತ್ತದೆ. ಅಷ್ಟರೊಳಗೆ ಗೊತ್ತಾದ್ದರಿಂದ ಎಲ್ಲವೂ ವಾಪಸ್ ಬಂತು. ಇನ್ನು ಜಾಗದ ಮಾತು. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತೇನೆಂದು ಬಂದಾಗ ಬಹಳ ಜನ ಅದನ್ನು ಏಪ್ರಿಲ್ ಫೂಲ್ ಎಂದುಕೊಂಡಿದ್ದರು. ಈಗ ಉಚಿತವಾಗಿ ಸಿಗುವುದು 15 ಜಿಬಿ, ಆದರೆ ಅದರಲ್ಲಿ ಮೇಲ್, ಡ್ರೈವ್, ಫೋಟೋ ಮೂರಕ್ಕೂ ಪಾಲು. ಬಹುತೇಕ ಮನೆಗಳಲ್ಲಿ ಅದನ್ನು ತುಂಬಿಸುವುದು ಪತ್ರಗಳಲ್ಲ, ಮೊಮ್ಮಕ್ಕಳ ವಿಡಿಯೋಗಳು.

ಸಣ್ಣದೊಂದು ಸಂಗತಿ ಇಲ್ಲಿಯೇ ಹೇಳಿಬಿಡುತ್ತೇನೆ. ಪತ್ರ ಕಳಿಸಿದವರ ಹೆಸರು ಏನೆಂದು ಕಾಣಬೇಕು ಎಂಬುದನ್ನು ಕಂಪ್ಯೂಟರಿನ ತಂತ್ರಾಂಶದಲ್ಲಿ ಬೇರೆಯಾಗಿಯೇ ತುಂಬಬೇಕು. ನಮ್ಮ ಹುಡುಗ ಅಲ್ಲಿ 'ಹೋಮ್ ಪಿಸಿ' ಎಂದು ಬರೆದಿದ್ದ. ಪಿಂಚಣಿದಾರರ ಸಂಘದ ಗೆಳೆಯರು ಅಪ್ಪನ ಪತ್ರಗಳನ್ನು ಯಾವುದೋ ಅಂಗಡಿಯ ಜಾಹೀರಾತೆಂದು ತೆರೆಯದೆಯೇ ತೆಗೆದುಹಾಕುತ್ತಿದ್ದರು. ಪತ್ರದ ಕೊನೆಗೆ ಬರುವ ಸಹಿಯೂ ಹಾಗೆಯೇ, ಬ್ರೌಸರಿನಲ್ಲಿ ಒಂದು, ಫೋನಿನಲ್ಲಿ ಇನ್ನೊಂದು. ಹೊಸ ಸಾಧನ ಸೇರಿಸಿದ ದಿನ ತನಗೆ ತಾನೇ ಒಂದು ಮೇಲ್ ಕಳಿಸಿ ನೋಡುವುದು ಒಳ್ಳೆಯದು.

ಇಷ್ಟರ ಮಟ್ಟಿಗೆ ಎಲ್ಲ ಸುಲಭ. ಕಠಿಣವಾದದ್ದು ಕೀಲಿಕೈ ಯಾರ ಹತ್ತಿರ ಇರಬೇಕು ಎಂಬುದು.

ಫೋನ್ ಕೊಡಿಸಿದ ಅಣ್ಣ ಕಾಳಜಿಯಿಂದಲೇ ಖಾತೆಗೆ ತನ್ನ ನಂಬರ್ ಜೋಡಿಸಿ, ತನ್ನ ಫೋನಿನಲ್ಲೂ ಅಪ್ಪನ ಖಾತೆ ಸೇರಿಸಿಕೊಂಡಿದ್ದ. ಆಂಡ್ರಾಯ್ಡ್ ಫೋನಿಗೆ ಗೂಗಲ್ ಖಾತೆ ಸೇರಿಸಿದರೆ ಮೇಲ್ ಒಂದೇ ಬರುವುದಿಲ್ಲ, ಸಂಪರ್ಕಗಳು, ಕ್ಯಾಲೆಂಡರ್ ಎಲ್ಲ ಹಿಂದೆಯೇ ಬರುತ್ತವೆ. ಪುಣೆಯ ಆಫೀಸಿನಲ್ಲಿ ಕೂತ ಅಣ್ಣನ ಫೋನಿನಲ್ಲಿ ನಮ್ಮ ಹಾಲಿನವನು, ಗ್ಯಾಸಿನವನು, ಭಟ್ಟರು ಎಲ್ಲರ ನಂಬರೂ ಸೇರಿಕೊಂಡವು. ಸಂಪರ್ಕಗಳ ಸಿಂಕ್ ಬಂದ್ ಮಾಡಿದರೆ ಅದು ನಿಲ್ಲುತ್ತದೆ. ಆದರೆ ನವೆಂಬರಿನಲ್ಲಿ ನಡೆದದ್ದು ಅಷ್ಟು ಹಗುರವಾದುದಲ್ಲ.

ಪಿಂಚಣಿದಾರರಿಗೆ ನವೆಂಬರ್ ಎಂದರೆ ಜೀವಂತ ಪ್ರಮಾಣಪತ್ರದ ತಿಂಗಳು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಶುರುವಾಗಿ ಅದು ಡಿಜಿಟಲ್ ಆಯಿತು. 2021ರಿಂದ ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿಯೂ ಕೊಡಬಹುದು. ಜೀವನ್ ಪ್ರಮಾಣ್ ಆ್ಯಪ್‌ಗೆ ಮೊಬೈಲ್ ನಂಬರಿನ ಜೊತೆ ಇಮೇಲ್ ವಿಳಾಸವನ್ನೂ ಕೊಡಬೇಕು. ಅದೇ ವಾರ ಅಪ್ಪನಿಗೆ ಟ್ಯಾಬ್ಲೆಟ್ ಬಂದಿತ್ತು. ಅದರಲ್ಲಿಯೇ ಮಾಡೋಣವೆಂದು ಖಾತೆ ಸೇರಿಸಲು ಹೋದೆವು. ಪಾಸ್‌ವರ್ಡ್ ಸರಿ ಇತ್ತು. 'ಇದು ನೀವೇನಾ?' ಎಂಬ ಪ್ರಶ್ನೆ ಮಾತ್ರ ಪುಣೆಗೆ ಹೋಯಿತು. ಅಣ್ಣ ಮೀಟಿಂಗ್‌ನಲ್ಲಿದ್ದವನು 'ಇಲ್ಲ, ನಾನಲ್ಲ' ಎಂದು ಒತ್ತಿ, ಮೇಲಿಂದ ಪಾಸ್‌ವರ್ಡ್ ಕೂಡ ಬದಲಿಸಿಬಿಟ್ಟ. ಇಲ್ಲಿ ಫೋನು, ಕಂಪ್ಯೂಟರ್ ಎಲ್ಲ ಹೊರಬಿದ್ದವು.

ಸಂಜೆ ಫೋನ್ ಮಾಡಿದಾಗ ಅಣ್ಣನ ವಾದ ಹೀಗಿತ್ತು: "ಯಾವನೋ ಕಳ್ಳ ಒಳಗ ಹೊಕ್ಕಾನ ಅಂತ ತಿಳದೆ. ನಾ ಮಾಡಿದ್ದು ತಪ್ಪೇನು?"

"ತಪ್ಪಲ್ಲೋ ಅಣ್ಣಾ. ಆದರ ಮನಿ ಅಪ್ಪಂದು, ಬಾಗಿಲಾ ತಗಿಯೋದು ಪುಣೆದಾಗಿಂದ ಆದರ ಹೆಂಗ?"

ಅಪ್ಪ ಹಿಂದಿನಿಂದ, "ನಾ ಇನ್ನೂ ಇದ್ದೀನಿ ಅಂತ ಸರ್ಕಾರಕ್ಕ ಹೇಳಾಕ ನಿಮ್ಮಿಬ್ಬರ ಪರವಾನಗಿ ಬೇಕೇನು?" ಎಂದರು.

ಆ ವಾರವೇ ವ್ಯವಸ್ಥೆ ಬದಲಾಯಿತು. ಮೊದಲ ನಂಬರ್ ಅಪ್ಪನದೇ. ಅಣ್ಣನ ಇಮೇಲ್ ವಿಳಾಸ ಖಾತೆ ಮರಳಿ ಪಡೆಯಲಿಕ್ಕೆ ಮಾತ್ರ. ಎರಡು ಹಂತದ ಪರಿಶೀಲನೆಗೆ ಗೂಗಲ್ ಕೊಡುವ ಎಂಟು ಅಂಕಿಯ ಹತ್ತು ಬ್ಯಾಕಪ್ ಸಂಕೇತಗಳನ್ನು ಅಪ್ಪ ತಮ್ಮ ರೈಲ್ವೆ ಅಕ್ಷರದಲ್ಲಿ ದುಂಡಗೆ ಬರೆದು ಮನೆಯ ಟ್ರೆಜರಿಯಲ್ಲಿ ಪಿಂಚಣಿ ಕಾಗದಗಳ ಜೊತೆಗಿಟ್ಟಿದ್ದಾರೆ. ಒಮ್ಮೆ ಬಳಸಿದ ಸಂಕೇತ ಮತ್ತೆ ನಡೆಯುವುದಿಲ್ಲ, ಅದರ ಮೇಲೆ ಕೆಂಪು ಗೆರೆ. ಪಡಸಾಲೆಯ ಹಳೆಯ ತಂತ್ರಾಂಶ ಮಾತ್ರ ಹೊಸ ಪಾಸ್‌ವರ್ಡನ್ನು ಒಪ್ಪಲೇ ಇಲ್ಲ. ಬರಿಯ ಪಾಸ್‌ವರ್ಡ್ ನೆಚ್ಚಿ ಒಳಬರುವ ಹಳೆಯ ತಂತ್ರಾಂಶಗಳಿಗೆ 2022ರ ಮೇ 30ರಿಂದ ಗೂಗಲ್ ಬಾಗಿಲು ಹಾಕಿದೆ. ಅಂಥವಕ್ಕೆ ಹದಿನಾರು ಅಕ್ಷರದ ಬೇರೆಯೇ 'ಆ್ಯಪ್ ಪಾಸ್‌ವರ್ಡ್' ಬೇಕು, ಎರಡು ಹಂತದ ಪರಿಶೀಲನೆ ಚಾಲೂ ಇದ್ದರಷ್ಟೇ ಅದು ಸಿಗುತ್ತದೆ. ನನ್ನನ್ನು ಕೇಳಿದರೆ, ಹೊಸ ತಂತ್ರಾಂಶ ಹಾಕಿಕೊಳ್ಳುವುದೇ ಮೇಲು. ಅದು ಬ್ರೌಸರ್ ಕಿಟಕಿ ತೆರೆದು ನೇರವಾಗಿ ಲಾಗಿನ್ ಮಾಡಿಸುತ್ತದೆ.

ಕೀಲಿಕೈ ನಂಬರಿನ ರೀಚಾರ್ಜ್ ಮರೆಯುವಂತಿಲ್ಲ. ಬಹಳ ದಿನ ಬಳಸದ ಸಿಮ್ ಬಂದಾಗಿ, ಅದೇ ನಂಬರ್ ಮುಂದೆ ಬೇರೆ ಯಾರಿಗೋ ಹೋಗುತ್ತದೆ. ಆಮೇಲೆ ಒಟಿಪಿ ಹೋಗುವುದೂ ಅವರಿಗೇ.

ಧಾರವಾಡದಲ್ಲಿ ಬರೆಯುವವರು ಬಹಳ, ಆದ್ದರಿಂದ 'ನುಡಿ' ತಂತ್ರಾಂಶದ ಫೈಲುಗಳ ಬಗ್ಗೆಯೂ ಹೇಳಬೇಕು. ಅಪ್ಪ ಸಂಘದ ಠರಾವುಗಳನ್ನು, ಲೇಖನಗಳನ್ನು ಹಳೆಯ ನುಡಿ ಅಕ್ಷರಗಳಲ್ಲಿ ಟೈಪಿಸಿ ಮೇಲಿಗೆ ಲಗತ್ತಿಸುತ್ತಿದ್ದರು. ಟ್ಯಾಬ್ಲೆಟ್‌ನಲ್ಲಿ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಕಡತ ಕೆಟ್ಟಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು, ಫಾಂಟ್ ಇಲ್ಲದ ಕಡೆ ಕೆಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸ್ಥಾನ 1991ರಿಂದ ಇದೆ, ಹಾಗಾಗಿ ಅದರಲ್ಲಿ ಬರೆದದ್ದು ಎಲ್ಲ ಸಾಧನಗಳಲ್ಲಿಯೂ ಓದಲು ಬರುತ್ತದೆ. ಪಡಸಾಲೆಯ ಕಂಪ್ಯೂಟರ್ ನಡೆಯುತ್ತಿರುವಾಗಲೇ ಹಳೆಯದನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಟ್ಟೆವು. ಪರಿವರ್ತಕ ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತದೆ. ಅದನ್ನು ತಿದ್ದುವ ಕೆಲಸ ಅಪ್ಪನದು, ಕನ್ನಡಕ ಮೂಗಿನ ತುದಿಗೆ ಇಳಿಸಿ ಇನ್ನೂ ತಿದ್ದುತ್ತಿದ್ದಾರೆ.

ಕಡೆಗೆ ಖಾತೆಯ ಭದ್ರತಾ ಪುಟದಲ್ಲಿ 'ನಿಮ್ಮ ಸಾಧನಗಳು' ಎಂಬ ಪಟ್ಟಿ ತೆರೆದೆವು. ಅಪ್ಪ, ನಾನು ಇಬ್ಬರೂ ಕೂತು ಒಂದೊಂದನ್ನೇ ಗುರುತಿಸುತ್ತ ಹೋದೆವು. ಗುರುತು ಹತ್ತದ ಒಂದನ್ನು ಹೊರಹಾಕಿದ ಸ್ವಲ್ಪ ಹೊತ್ತಿಗೆ ಪುಣೆಯಿಂದ ಮೊಮ್ಮಗನ ಫೋನ್: "ಅಜ್ಜಾ, ನಮ್ಮ ಟಿವಿದಾಗ ಕಾರ್ಟೂನ್ ಬಂದ್ ಆತು!" ದೀಪಾವಳಿಗೆ ಹೋದಾಗ ಯಾರೋ ಆ ಟಿವಿಗೆ ಅಪ್ಪನ ಖಾತೆಯನ್ನೇ ಹಾಕಿದ್ದರು. ಟಿವಿಗೆ ಬೇರೆ ಖಾತೆ ತೆಗೆ ಎಂದು ಅಣ್ಣನಿಗೆ ಹೇಳಿ, ಪಟ್ಟಿಯಲ್ಲಿ ಮುಂದಿನ ಸಾಲಿಗೆ ಹೋದೆವು.