ಹೊಸ ನರ್ಸ್‌ನ ಮೊದಲ ಕೆಲಸ: ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು

ತಾಯಿಯೊಬ್ಬರು ತಮ್ಮ ಮಗಳನ್ನು ದವಾಖಾನೆಗೆ ಕರೆತಂದಿದ್ದರು. ತಲೆನೋವು, ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ಎರಡು ತಿಂಗಳಿನಿಂದ ಮುಟ್ಟು ಸರಿಯಾಗಿಲ್ಲ. ನಾಡಿ ನೋಡುತ್ತಾ, "ಏನು ಕೆಲಸ ಮಗಳೇ?" ಎಂದು ಕೇಳಿದೆ. "ನರ್ಸ್, ಡಾಕ್ಟ್ರೇ. ಸೇರಿ ಮೂರು ತಿಂಗಳಾಯ್ತು" ಎಂದಳು. ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲೇ ಅವಳನ್ನು ರಾತ್ರಿ ಪಾಳಿಗೆ ಹಾಕಿದ್ದರು. ಇಡೀ ವಾರ್ಡಿಗೆ ಅವಳೊಬ್ಬಳೇ. ಯಾವುದಾದರೂ ರೋಗಿಗೆ ಹೆಚ್ಚು ಕಡಿಮೆಯಾದರೆ ಏನು ಗತಿ ಎಂಬ ಭಯದಲ್ಲೇ ಬೆಳಗಾಗುತ್ತಿತ್ತು.

"ಸಾಕು, ಬಿಟ್ಟು ಮನೆಯಲ್ಲಿರಲಿ, ಮದುವೆ ಮಾಡಿಬಿಡೋಣ ಅಂತ ಇವಳ ಬಾಪ ಹೇಳ್ತಾರೆ" ಎಂದರು ತಾಯಿ. ಹುಡುಗಿಯ ಕಣ್ಣು ತುಂಬಿತು. ಅವಳಿಗೆ ನರ್ಸಿಂಗ್ ಬಿಡುವ ಮನಸ್ಸಿರಲಿಲ್ಲ. ಆ ಜಾಗದಲ್ಲಿ ಇರಲೂ ಆಗುತ್ತಿರಲಿಲ್ಲ. ಇವೆರಡೂ ಬೇರೆ ಬೇರೆ ಸಮಸ್ಯೆಗಳೆಂದು ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

ಪುತ್ತೂರು, ಸುಳ್ಯ, ಕಡಬದ ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಇಂದು ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾರೆ. ಕೆಲವರು ಸುಳ್ಯದಲ್ಲಿ, ಹಲವರು ಮಂಗಳೂರಿನಲ್ಲಿ. ಓದಿಸುವಾಗ ಸಾಲ ಮಾಡಿಯಾದರೂ ಓದಿಸುತ್ತೇವೆ. ಮೊದಲ ಕೆಲಸ ಆರಿಸುವಾಗ ಮಾತ್ರ ಎರಡೇ ಪ್ರಶ್ನೆ: ಸಂಬಳ ಎಷ್ಟು? ಮನೆಯಿಂದ ಎಷ್ಟು ದೂರ? ಮೂರನೆಯ ಪ್ರಶ್ನೆಯೊಂದಿದೆ: ಅಲ್ಲಿ ಅವಳಿಗೆ ಕೆಲಸ ಕಲಿಸುವವರು ಯಾರು? ಅವಳು ಈ ವೃತ್ತಿಯಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ.

ಮೊದಲ ವರ್ಷದ ಕಷ್ಟ

ಕಾಲೇಜಿನಲ್ಲಿ ಒಬ್ಬ ರೋಗಿಯನ್ನು ಒಂದು ಗಂಟೆ ನೋಡಿಕೊಳ್ಳುವುದನ್ನು ಕಲಿಸುತ್ತಾರೆ. ವಾರ್ಡಿನಲ್ಲಿ ಒಂದು ಗಂಟೆಯಲ್ಲಿ ಹತ್ತಾರು ರೋಗಿಗಳನ್ನು ನೋಡಬೇಕು. ಅಮೆರಿಕದ ಮರ್ಲೀನ್ ಕ್ರೇಮರ್ ಎಂಬ ನರ್ಸಿಂಗ್ ಅಧ್ಯಾಪಕಿ 1974ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದು, ಇದನ್ನು ವಾಸ್ತವದ ಆಘಾತ ಎಂದು ಕರೆದರು. ಮೊದಲು ಉತ್ಸಾಹ, ನಂತರ ಆಘಾತ, ಆಮೇಲೆ ನಿಧಾನವಾಗಿ ಚೇತರಿಕೆ. ಆಘಾತದ ಹಂತದಲ್ಲಿ ಜೊತೆಗೆ ಹಿರಿಯರೊಬ್ಬರಿದ್ದರೆ ಹುಡುಗಿ ದಾಟುತ್ತಾಳೆ. ಇಲ್ಲದಿದ್ದರೆ ತನಗೆ ಯೋಗ್ಯತೆಯೇ ಇಲ್ಲವೆಂದುಕೊಂಡು ಹೊರಬರುತ್ತಾಳೆ.

ಆದ್ದರಿಂದ ಮಗಳು ಮೊದಲ ತಿಂಗಳಲ್ಲೇ "ನನ್ನಿಂದಾಗದು" ಎಂದರೆ ಅದನ್ನು ಸೋಮಾರಿತನ ಎನ್ನಬೇಡಿ, ಕೊನೆಯ ತೀರ್ಮಾನವೆಂದೂ ತಿಳಿಯಬೇಡಿ. ಏನಾಯಿತೆಂದು ಕೂತು ಕೇಳಿ.

ಸೇರುವ ಮುನ್ನ ಕೇಳಿ

ಸಂದರ್ಶನಕ್ಕೆ ಹೋದಾಗ ಈ ವಿಷಯಗಳನ್ನು ವಿನಯದಿಂದ, ಆದರೆ ಅಳುಕದೆ ಕೇಳಬೇಕು.

1. ಮೊದಲ ಎಷ್ಟು ವಾರ ಹಿರಿಯ ನರ್ಸ್ ಜೊತೆ ಕೆಲಸ? ಒಂಟಿಯಾಗಿ ರಾತ್ರಿ ಪಾಳಿ ಯಾವಾಗಿನಿಂದ?

2. ರಾತ್ರಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ಡ್ಯೂಟಿ ಡಾಕ್ಟರ್ ಆಸ್ಪತ್ರೆಯಲ್ಲೇ ಇರುತ್ತಾರೆಯೇ, ಫೋನಿನಲ್ಲಿ ಮಾತ್ರವೇ?

3. ಹೆಪಟೈಟಿಸ್ ಬಿ ಲಸಿಕೆ ಕೊಡುತ್ತಾರೆಯೇ? ಸೂಜಿ ಚುಚ್ಚಿದರೆ ಏನು ವ್ಯವಸ್ಥೆ?

4. ರಾತ್ರಿ ಪಾಳಿಗೆ ಹೋಗಿ ಬರಲು ವಾಹನ ಅಥವಾ ಹಾಸ್ಟೆಲ್ ಇದೆಯೇ?

5. ನೇಮಕಾತಿ ಪತ್ರ, ಬಿಡುವಾಗ ಅನುಭವ ಪತ್ರ ಕೊಡುತ್ತಾರೆಯೇ?

ಅಂಕಪಟ್ಟಿ ಮತ್ತು ನೋಂದಣಿ ಪತ್ರದ ನಕಲು ಕೊಡಿ, ಅಸಲನ್ನು ತೋರಿಸಿ ಮರಳಿ ತನ್ನಿ. ಅಸಲು ಪತ್ರಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವಲ್ಲಿ ಸೇರದಿರುವುದೇ ಒಳ್ಳೆಯದು. ಇನ್ನು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸದೆ ಕೆಲಸಕ್ಕೆ ಹೊರಡಬೇಡಿ. ಫಲಿತಾಂಶ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅದು.

ಸಂಬಳದ ಬಗ್ಗೆಯೂ ಒಂದು ವಿಷಯ ತಿಳಿದಿರಲಿ. ಭಾರತೀಯ ತರಬೇತಾದ ದಾದಿಯರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ನಿರ್ದೇಶನದಂತೆ ಕೇಂದ್ರ ಸರಕಾರ ಸಮಿತಿಯೊಂದನ್ನು ನೇಮಿಸಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ನ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಆ ಸಮಿತಿ ಶಿಫಾರಸು ಮಾಡಿತು. ಅದನ್ನು ಜಾರಿಗೆ ತರುವುದು ರಾಜ್ಯಗಳ ಕೈಯಲ್ಲಿದೆ. ಎಲ್ಲೆಡೆ ಅಷ್ಟು ಸಿಗುತ್ತಿಲ್ಲ, ಆದರೆ ಮಾತಾಡುವಾಗ ಈ ಅಂಕಿ ನೆನಪಿನಲ್ಲಿರಲಿ.

ನಮ್ಮೂರಿನಲ್ಲೇ ಇರುವ ದಾರಿಗಳು

ಮೊದಲ ಒಂದೆರಡು ವರ್ಷ ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಕಳೆಯಲು ಸಾಧ್ಯವಾದರೆ ಒಳ್ಳೆಯದು. ಡಾ. ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವೈದ್ಯಕೀಯ ಕಾಲೇಜು ಸುಳ್ಯದಲ್ಲೇ ಇದೆ. ಮಂಗಳೂರಿನಲ್ಲಂತೂ ಹಲವಿವೆ. ಅಂಥ ಕಡೆ ಕೇಳಲು ಹಿರಿಯರು ಸಿಗುತ್ತಾರೆ, ನೋಡಲು ಬಗೆಬಗೆಯ ರೋಗಿಗಳು ಸಿಗುತ್ತಾರೆ.

ಸರಕಾರಿ ಸೇವೆ ಇನ್ನೊಂದು ದಾರಿ. ಪುತ್ತೂರು, ಸುಳ್ಯದಲ್ಲಿ ತಾಲೂಕು ಆಸ್ಪತ್ರೆಗಳಿವೆ, ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ನಮ್ಮ ಭಾಗದ ಮಳೆಗಾಲವೆಂದರೆ ಡೆಂಗ್ಯೂ, ಇಲಿಜ್ವರ, ಹಾವು ಕಡಿತ. ಅಡಿಕೆ ಮರದಿಂದ ಬಿದ್ದವರೂ ಬರುತ್ತಾರೆ. ಹಾವು ಕಚ್ಚಿದವನ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುವ ಸರಳ ಪರೀಕ್ಷೆ ಇದೆ. ಅದನ್ನು ಸರಿಯಾಗಿ ಮಾಡಿ ಡಾಕ್ಟರಿಗೆ ಹೊತ್ತಿಗೆ ತಿಳಿಸುವ ನರ್ಸ್ ಒಂದು ಜೀವ ಉಳಿಸಬಲ್ಲಳು. ಸಣ್ಣ ಆಸ್ಪತ್ರೆಯ ಕೆಲಸ ಸಣ್ಣದಲ್ಲ.

ಬಿ.ಎಸ್ಸಿ. ಮುಗಿಸಿದವರಿಗೆ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಯೂ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯ ಆರೋಗ್ಯ ಕ್ಷೇಮ ಕೇಂದ್ರಗಳಲ್ಲಿ ಊರಿನ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಗರ್ಭಿಣಿ, ಬಾಣಂತಿ, ಹಿರಿಯರನ್ನು ನೋಡಿಕೊಳ್ಳುವವರು ಅವರೇ. ಮನೆಮನೆಯ ಪರಿಚಯ ಇಷ್ಟಪಡುವವರಿಗೆ ಇದು ಹೇಳಿ ಮಾಡಿಸಿದ ಕೆಲಸ.

ಮಲಗಿದಲ್ಲೇ ಇರುವವರ ಆರೈಕೆಯನ್ನೂ ಮರೆಯಬಾರದು. ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಪರಿಣಾಮವನ್ನು ಹೊತ್ತ ಮನೆಗಳು ನಮ್ಮ ತಾಲೂಕುಗಳಲ್ಲಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು, ಆದರೆ ಮಕ್ಕಳನ್ನು ಹೊತ್ತು ತಿರುಗಿದ ತಾಯಂದಿರಿಗೆ ಈಗ ವಯಸ್ಸಾಗಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದಂತೆ ನೋಡುವುದು, ನುಂಗಲಾಗದವರಿಗೆ ಉಣಿಸುವುದು ನರ್ಸ್ ಕಲಿತ ವಿದ್ಯೆ. ಅಂಥ ಮನೆಗೆ ಅವಳು ಕಾಲಿಟ್ಟರೆ ತಾಯಿಗೆ ಅರ್ಧ ಭಾರ ಇಳಿದಂತೆ.

ಗಲ್ಫ್‌ಗೆ ಹೋಗಬೇಕೆಂದರೆ

ನಮ್ಮಲ್ಲಿ ನರ್ಸಿಂಗ್ ಎಂದರೆ ಗಲ್ಫ್ ಎನ್ನುವವರೇ ಹೆಚ್ಚು. ಹೋಗುವುದು ತಪ್ಪಲ್ಲ. ಆದರೆ ಅಲ್ಲಿ ಸಾಮಾನ್ಯವಾಗಿ ಅನುಭವ ಕೇಳುತ್ತಾರೆ. ಜೊತೆಗೆ ಪ್ರಮಾಣಪತ್ರಗಳ ಪರಿಶೀಲನೆ ಮತ್ತು ಆಯಾ ದೇಶದ ಪರವಾನಗಿ ಪರೀಕ್ಷೆ ಇರುತ್ತದೆ. ಅಂದರೆ ಮೊದಲ ಕೆಲಸದಲ್ಲಿ ನಿಜವಾಗಿ ಕಲಿತದ್ದೇ ಅಲ್ಲಿಯೂ ಕೈಹಿಡಿಯುವುದು. ಸೌದಿ, ಯುಎಇ, ಕುವೈತ್ ಮೊದಲಾದ ದೇಶಗಳಿಗೆ ನರ್ಸ್‌ಗಳ ನೇಮಕಾತಿ ಸರಕಾರ ಒಪ್ಪಿದ ಸಂಸ್ಥೆಗಳ ಮೂಲಕ, ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನಡೆಯಬೇಕೆಂದು 2015ರಲ್ಲಿ ಕೇಂದ್ರ ನಿಯಮ ಮಾಡಿದೆ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿ.ಎಸ್.ಟಿ. ಅದಕ್ಕಿಂತ ಹೆಚ್ಚು ಲಕ್ಷಗಟ್ಟಲೆ ಕೇಳುವವರಿಗೆ ಚಿನ್ನ ಅಡವಿಟ್ಟು ಹಣ ಕೊಡಬೇಡಿ.

ನರ್ಸ್‌ನ ಸ್ವಂತ ಆರೋಗ್ಯ

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಹೇಳುತ್ತೇವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣ. ರಾತ್ರಿ ಪಾಳಿ ಇವುಗಳಲ್ಲಿ ಹೆಚ್ಚಿನದನ್ನು ಒಟ್ಟಿಗೆ ಕೆಡಿಸುತ್ತದೆ.

ಪಾಳಿಗೆ ಹೊರಡುವ ಮುನ್ನ ಸರಿಯಾಗಿ ಊಟ ಮಾಡಿ. ನಡುರಾತ್ರಿ ಬಿರಿಯಾನಿ, ಕರಿದ ತಿಂಡಿ ಬೇಡ. ಹಣ್ಣು, ಖರ್ಜೂರ, ಗಂಜಿಯಂಥ ಹಗುರವಾದದ್ದು ಸಾಕು. ಹಗಲು ಮಲಗುವ ಕೋಣೆ ಕತ್ತಲಾಗಿರಲಿ, ಫೋನ್ ಹೊರಗಿರಲಿ. ಮೂತ್ರ ತಡೆದು ಕೆಲಸ ಮಾಡಬೇಡಿ. ನೀರು ಕುಡಿಯದೆ ಪಾಳಿ ಮುಗಿಸುವ ಹುಡುಗಿಯರಲ್ಲಿ ಮೂತ್ರದ ಸೋಂಕು ನಾನು ಮತ್ತೆ ಮತ್ತೆ ನೋಡುತ್ತೇನೆ. ಮುಟ್ಟು ತಪ್ಪಿದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷಿಸಿಕೊಳ್ಳಿ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸೂಜಿ ಚುಚ್ಚಿದರೆ ಹಿಂಡಬೇಡಿ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ವರದಿ ಮಾಡಿ. ಎಚ್.ಐ.ವಿ. ತಡೆಯುವ ಔಷಧ ಬೇಕಾದರೆ ಸಾಧ್ಯವಾದಷ್ಟು ಬೇಗ, ಎರಡು ಗಂಟೆಯೊಳಗಾದರೆ ಉತ್ತಮ, ಏನಿದ್ದರೂ 72 ಗಂಟೆಯೊಳಗೆ ಶುರುವಾಗಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಪ್ರತಿ ರೋಗಿಯನ್ನು ಮುಟ್ಟುವ ಮೊದಲೂ ಅನಂತರವೂ ಕೈ ತೊಳೆಯಿರಿ. ದಿನಕ್ಕೆ ಐದು ಹೊತ್ತು ವುಝೂ ಮಾಡುವವರಿಗೆ ಇದು ಹೊಸ ಪಾಠವಲ್ಲ.

ಮನೆಯವರಿಗೆ

ಇದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ ಕೆಲಸವಲ್ಲ ಎಂಬ ಮಾತು ಈಗಲೂ ಕೇಳಿಬರುತ್ತದೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಆರೈಕೆಗೆ ಇರಿಸಿದ್ದು ಮದೀನಾದ ಮಸೀದಿಯಲ್ಲಿದ್ದ ರುಫೈದಾ ಅಲ್ ಅಸ್ಲಮಿಯ್ಯ(ರ)ರ ಡೇರೆಯಲ್ಲಿ. ಪ್ರವಾದಿ(ಸ)ರು ಅಲ್ಲಿಗೆ ಹೋಗಿ ಅವರ ಆರೋಗ್ಯ ವಿಚಾರಿಸುತ್ತಿದ್ದರು. ಉಮ್ಮು ಅತಿಯ್ಯ(ರ) ಏಳು ಯುದ್ಧಗಳಲ್ಲಿ ಜೊತೆಗೆ ಹೋಗಿ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದ್ದರು. ನಮ್ಮ ಮನೆಯ ಹೆಂಗಸರು ಆಸ್ಪತ್ರೆಗೆ ಸೇರಿದಾಗ ಮಹಿಳಾ ನರ್ಸ್ ಬೇಕೆಂದು ಕೇಳುವವರೂ ನಾವೇ. ಆ ನರ್ಸ್ ಯಾರದೋ ಮನೆಯ ಮಗಳು ಎಂಬುದು ನೆನಪಿರಲಿ.

ರಾತ್ರಿ ಪಾಳಿಯಿಂದ ಬಂದವಳನ್ನು ಮಲಗಲು ಬಿಡಿ. ಬಂದ ತಕ್ಷಣ ಪಾತ್ರೆ ತೊಳೆಯಲು ಕರೆಯಬೇಡಿ. ಮದುವೆ ಮಾತುಕತೆಯಲ್ಲಿ ಅವಳ ಕೆಲಸದ ವಿಷಯವನ್ನು ಮೊದಲೇ ಬಿಚ್ಚಿ ಮಾತಾಡಿ.

ಅಂದು ಬಂದಿದ್ದ ಹುಡುಗಿಗೆ ರಕ್ತಹೀನತೆ ಇತ್ತು, ಅದಕ್ಕೆ ಚಿಕಿತ್ಸೆ ಮಾಡಿದೆ. ಅವಳ ತಂದೆಯನ್ನೂ ಒಮ್ಮೆ ಬರಹೇಳಿ ಮಾತಾಡಿದೆ. ಆ ಕೆಲಸ ಬಿಟ್ಟು ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿದಳು. ಸಂಬಳ ಹೆಚ್ಚೇನಲ್ಲ, ಆದರೆ ಮೊದಲ ಎರಡು ತಿಂಗಳು ಹಿರಿಯ ಸಿಸ್ಟರ್ ಒಬ್ಬರ ಜೊತೆಗೇ ಪಾಳಿ. ಮುಂದಿನ ಸಲ ಬಂದಾಗ ತಾಯಿಯ ಮಂಡಿನೋವಿಗೆ ಮದ್ದು ಕೇಳಿದಳು. ತನ್ನ ಬಗ್ಗೆ ಹೇಳಿದ್ದು ಇಷ್ಟೇ: "ಈಗ ನಿದ್ರೆ ಬರ್ತದೆ ಡಾಕ್ಟ್ರೇ." ಅಲ್‌ಹಮ್ದುಲಿಲ್ಲಾಹ್.