ಮಣ್ಣಿನೊಳಗಿನ ನೀರನ್ನು ಹಿಡಿಯುವ ಬಗೆ

ಬೇಸಗೆಯಲ್ಲಿ ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗಗಳ ಕಡೆಗೆ ಹೋದ ವಾಚಕರು ಎರೆಹೊಲಗಳು ಕೈ ತೂರುವಷ್ಟು ಅಗಲವಾಗಿ ಬಿರಿದಿರುವುದನ್ನು ಕಂಡಿರಬಹುದು. ಮೊದಲ ಮಳೆಯ ನೀರು ಈ ಬಿರುಕುಗಳಲ್ಲಿ ಸರಸರನೆ ಇಳಿಯುತ್ತದೆ. ಇಳಿಯುವಾಗ ಕೊಳೆತ ಕೂಳೆ, ತಿಪ್ಪೆಗೊಬ್ಬರಗಳ ಸಾರವನ್ನೂ ಒಯ್ಯುತ್ತದೆ. ನಸುಗಂದು ಬಣ್ಣದ ಈ ಸಾರವೇ ಕರಗಿದ ಸಾವಯವ ದ್ರವ್ಯ. ರೈತನು ಹಾಕಿದ ಗೊಬ್ಬರದಲ್ಲಿ ಎಷ್ಟು ನಿಂತಿತು, ಎಷ್ಟು ಆಳಕ್ಕೆ ಜಾರಿತು ಎಂಬ ಲೆಕ್ಕಕ್ಕೆ ಅದನ್ನು ಅಳೆಯಬೇಕು. ಅಳೆಯಲು ಮೊದಲು ನೀರು ಕೈಗೆ ಸಿಗಬೇಕಷ್ಟೆ!

ಅತಿ ಹಳೆಯ ಉಪಾಯವು ತಟ್ಟೆಯದು. 1688ರಲ್ಲಿಯೇ ಫ್ರಾನ್ಸಿನ ಫಿಲಿಪ್ ದ ಲಾ ಹೀರ್ ಎಂಬಾತನು ಮಣ್ಣಿನ ಮೂಲಕ ಮಳೆನೀರು ಎಷ್ಟು ಇಳಿಯುವುದೆಂದು ಪಾತ್ರೆಯಿಟ್ಟು ನೋಡಿದ್ದನು. ಈಗ ಹೊಂಡ ತೋಡಿ, ಅದರ ಪಕ್ಕದ ಗೋಡೆಯಿಂದ ಅಡ್ಡಲಾಗಿ ಕೊರೆದು, ಮೇಲಿನ ಮಣ್ಣನ್ನು ಕದಲಿಸದೆ ತಟ್ಟೆಯನ್ನು ಸೇರಿಸುತ್ತಾರೆ. ತನ್ನ ಭಾರದಿಂದ ತಾನೇ ಇಳಿದ ನೀರು ಮಾತ್ರ ಇದರಲ್ಲಿ ಬೀಳುತ್ತದೆ. ಮಳೆ ನಿಂತರೆ ತಟ್ಟೆ ಬರಿದು.

ಎರಡನೆಯದು ಹೀರುಬಟ್ಟಲು. 1904ರಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಮೆಕ್‌ಕಾಲ್ ಎಂಬವರು ಇಂತಹ ಸಾಧನವನ್ನು ವರ್ಣಿಸಿ 'ಕೃತಕ ಬೇರು' ಎಂದು ಕರೆದರು. ನಮ್ಮ ಮನೆಯ ಹರವಿಯಿಂದ ನೀರು ಹೊರಕ್ಕೆ ಜಿನುಗುತ್ತದೆ. ಹೂತ ಈ ಸುಟ್ಟ ಮಣ್ಣಿನ ಬಟ್ಟಲಿನ ಗಾಳಿಯನ್ನು ಎಳೆದರೆ ನೀರು ಒಳಕ್ಕೆ ಜಿನುಗುತ್ತದೆ. ಆದರೆ ಹೊಸ ಬಟ್ಟಲು ಸಾವಯವ ದ್ರವ್ಯದ ಒಂದಂಶವನ್ನು ತನ್ನ ಮೈಗೇ ಅಂಟಿಸಿಕೊಳ್ಳುತ್ತದೆ. ಆದುದರಿಂದ ಅದನ್ನು ದುರ್ಬಲ ಆಮ್ಲದಿಂದಲೂ ಶುದ್ಧ ನೀರಿನಿಂದಲೂ ತೊಳೆದು, ಮೊದಲು ಬಂದ ನೀರನ್ನು ಚೆಲ್ಲಬೇಕು. ಇನ್ನೊಂದು ಮಿತಿಯೂ ಉಂಟು. ಬಟ್ಟಲಿನ ಸೆಳೆತವು ಒಂದು ವಾಯುಭಾರವನ್ನು ಮೀರಲಾರದು. ಬೆಳೆಯ ಬೇರು ಸುಮಾರು 15 ವಾಯುಭಾರದವರೆಗೆ ಸೆಳೆಯಬಲ್ಲದು. ಹಿಂಗಾರಿ ಜೋಳವು ಎರೆಯಿಂದ ಇನ್ನೂ ನೀರುಣ್ಣುತ್ತಿರುವಾಗಲೇ ನಮ್ಮ ಬಟ್ಟಲು ಒಣಗಿ ಕುಳಿತಿರುತ್ತದೆ.

ಆಗ ಮಣ್ಣನ್ನೇ ತಂದು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ನೀರನ್ನು ಬೇರ್ಪಡಿಸಬಹುದು. ಬಿಗಿಯಾಗಿ ಅಂಟಿದ ನೀರೂ ಬರುತ್ತದೆ, ಹರಿದ ಬೇರುಗಳ ರಸವೂ ಬೆರೆಯುತ್ತದೆ. ಒಣಗಿಸಿದ ಮಣ್ಣನ್ನು ನೀರಿನಲ್ಲಿ ಕಲಕಿ ಸೋಸುವುದು ಎಲ್ಲಕ್ಕಿಂತ ಸುಲಭ. ಆದರೆ ನಮಗೆ ಅದರಲ್ಲಿ ನಂಬಿಕೆ ಕಡಿಮೆ. ಒಣಗಿ ನೆನೆದಾಗ ಮಣ್ಣು ಹೆಚ್ಚಿನ ಸಾವಯವ ದ್ರವ್ಯವನ್ನು ಬಿಟ್ಟುಕೊಡುತ್ತದೆ.

ಒಂದೇ ಹೊಲದಲ್ಲಿ, ಒಂದೇ ಆಳದಲ್ಲಿ ತಟ್ಟೆಯೂ ಬಟ್ಟಲೂ ಬೇರೆ ಬೇರೆ ಅಂಕಿಗಳನ್ನು ಕೊಟ್ಟರೆ ಗಾಬರಿ ಬೇಡ. ತಟ್ಟೆಯದು ಬಿರುಕಿನ ನೀರು, ಬಟ್ಟಲಿನದು ಹೆಂಟೆಯೊಳಗಿನ ನೀರು. ಎರೆಯಲ್ಲಿ ಎರಡನ್ನೂ ಇಡುವುದೇ ಲೇಸು. ಕಿತ್ತೂರಿನ ಕಡೆಯ ಕೆಂಪು ಮಸಾರಿಯಲ್ಲಿ ಬಿರುಕಿನ ತೊಡಕು ಕಡಿಮೆ. ಅಲ್ಲಿ ಕಬ್ಬಿಣದ ಆಕ್ಸೈಡುಗಳು ಸಾವಯವ ದ್ರವ್ಯವನ್ನು ಹಿಡಿದಿಡುತ್ತವೆ. ಎರೆಯಲ್ಲಿ ಆ ಕೆಲಸಕ್ಕೆ ಸುಣ್ಣದ ಅಂಶವೂ ನೆರವಾಗುತ್ತದೆ.

ಹಿಡಿದ ನೀರನ್ನು ಬೇಗನೆ 0.45 ಮೈಕ್ರಾನ್ ರಂಧ್ರದ ಸೋಸುಹಾಳೆಯಲ್ಲಿ ಸೋಸಿ ತಂಪಿನಲ್ಲಿಡಬೇಕು. ತಡವಾದರೆ ನಾವು ಅಳೆಯಬೇಕಾದುದನ್ನು ಸೂಕ್ಷ್ಮಜೀವಿಗಳು ತಿಂದುಬಿಡುತ್ತವೆ.