ರಸ್ತೆ ಖಾಲಿ, ಕಂಟ್ರೋಲರ್‌ಗೆ ಮಾತ್ರ ವಾಹನ!

ಪ್ರಶ್ನೆ: ನನ್ನದು ನ್ಯಾಮತಿ. ಐಟಿಐ ಮುಗಿಸಿ ಟ್ರಾಫಿಕ್ ಸಿಗ್ನಲ್ ಕೆಲಸಕ್ಕೆ ಸೇರಿದ್ದೇನೆ. ರಾಡಾರ್ ಸೆನ್ಸರ್‌ಗೆ ಕಾಂಟ್ಯಾಕ್ಟ್ ಕ್ಲೋಷರ್ ಮಾಡ್ಯೂಲ್ ಜೋಡಿಸಿದೆ. ರಸ್ತೆ ಖಾಲಿಯಿದ್ದರೂ ವಾಹನ ನಿಂತಿದೆ ಎಂದೇ ಕಂಟ್ರೋಲರ್ ತೋರಿಸುತ್ತಿದೆ. ಎಲ್ಲರೂ ನನ್ನನ್ನೇ ಬೈಯುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಈ ಮಾಡ್ಯೂಲ್ ಮನೆಯ ಕಾಲಿಂಗ್ ಬೆಲ್ಲಿನ ಗುಂಡಿಯಿದ್ದಂತೆ. ಸೆನ್ಸರ್‌ಗೆ ವಾಹನ ಕಂಡಾಗ ಎರಡು ತಂತಿಗಳನ್ನು ಕೂಡಿಸುತ್ತದೆ, ಹೋದಾಗ ಬಿಡಿಸುತ್ತದೆ. ಅಷ್ಟೇ ಅದರ ಕೆಲಸ.

ವಾಹನ ತೋರಿಸುತ್ತಿರುವ ಚಾನೆಲ್‌ನ ಔಟ್‌ಪುಟ್ ತಂತಿಯನ್ನು ಕಂಟ್ರೋಲರ್‌ನಿಂದ ಬಿಚ್ಚಿ ನೋಡಿ. ಆಗಲೂ ವಾಹನ ತೋರಿಸಿದರೆ ದೋಷ ಕಂಟ್ರೋಲರ್ ಕಡೆಯದು. ನಿಂತುಹೋದರೆ ಮಾಡ್ಯೂಲಿನತ್ತ ಬನ್ನಿ. ಅದರಲ್ಲಿ ಎಲ್ಲ ಚಾನೆಲ್‌ಗಳ ದೀಪವೂ ಉರಿಯುತ್ತಿದೆಯೇ? ಹಾಗಿದ್ದರೆ ಸೆನ್ಸರ್‌ನಿಂದ ಡೇಟಾ ಬರುತ್ತಿಲ್ಲ ಎಂದು ಶಂಕಿಸಿ. ಆ ಡೇಟಾ ತರುವ ಆರ್‌ಎಸ್-485 ಜೋಡಣೆಯಲ್ಲಿ ಎ, ಬಿ ತಂತಿಗಳು ಅದಲುಬದಲಾಗುವುದು ಸಾಮಾನ್ಯ ಎಡವಟ್ಟು. ಡೇಟಾ ತಪ್ಪಿದರೆ ಅನೇಕ ಮಾಡ್ಯೂಲ್‌ಗಳು ಬೇಕೆಂದೇ ಎಲ್ಲ ಕಾಂಟ್ಯಾಕ್ಟ್ ಮುಚ್ಚುತ್ತವೆ. ಯಾರೂ ಕೆಂಪು ದೀಪದಲ್ಲೇ ಸಿಕ್ಕಿಕೊಳ್ಳಬಾರದಲ್ಲ!

ಒಂದೇ ದೀಪ ಉರಿಯುತ್ತಿದ್ದರೆ ಸೆಟ್ಟಿಂಗ್ ನೋಡಿ: ಯಾವ ಲೇನ್ ಯಾವ ಚಾನೆಲ್‌ಗೆ ಹೋಗಿದೆ, ಸೆನ್ಸರ್‌ನ ವಲಯದೊಳಗೆ ಮರದ ಕೊಂಬೆಯೋ ಫಲಕವೋ ಬಂದಿದೆಯೇ ಎಂದು. ನಿಲುಗಡೆ ಗೆರೆಯ ಬಳಿ ‘ಪ್ರೆಸೆನ್ಸ್’ ಮೋಡ್ ಇರಲಿ. ‘ಪಲ್ಸ್’ ವಾಹನ ಎಣಿಸಲು.

ತಂತಿ ಮುಟ್ಟುವ ಮುನ್ನ ವಿದ್ಯುತ್ ತೆಗೆಯಿರಿ. ಮಾಡ್ಯೂಲಿನ ಔಟ್‌ಪುಟ್ ಟರ್ಮಿನಲ್‌ಗೆ 230 ವೋಲ್ಟ್ ತಾಗದಿರಲಿ. ಪ್ರತಿ ತಂತಿಗೂ ಚೀಟಿ ಅಂಟಿಸಿ. ಮುಂದಿನ ಸಲ ಬೈಯುವವರಿಗೆ ಆ ಚೀಟಿಯೇ ಉತ್ತರ ಹೇಳುತ್ತದೆ.